ಪಶ್ಚಿಮ ತಾಲ್ಲೂಕುಗಳಲ್ಲಿ ಓದಿನ ಒಡನಾಟ

ಬಳ್ಳಾರಿ ಕಡೆಯವರ ಬಾಯಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳಿಗೆ ಸೇರಿ ಒಂದೇ ಹೆಸರು, ಪಶ್ಚಿಮ ತಾಲ್ಲೂಕುಗಳು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೂ ಆ ಹೆಸರು ಚಾಲ್ತಿಯಲ್ಲಿದೆ. ಕೊಟ್ಟೂರು ತಾಲ್ಲೂಕಾದದ್ದು ಈಚೆಗೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರಕ್ಕೆ ಸೇರಿದೆ. ಗಡಿ ಎಷ್ಟು ಸಲ ಬದಲಾದರೂ ನೆಲದ ಗುಣ ಬದಲಾಗಿಲ್ಲ. ಮಳೆ ನೆಚ್ಚಿದ ಹೊಲ, ಜೋಳ, ಮೆಕ್ಕೆಜೋಳ, ಶೇಂಗಾ, ಹಡಗಲಿಯಲ್ಲಿ ಮಲ್ಲಿಗೆ. ಬೆಳೆ ಕೈಕೊಟ್ಟ ವರ್ಷ ಗುಳೆ.

ಈ ಸೀಮೆಯ ಬಗ್ಗೆ ಬರೆದವರೆಲ್ಲ ಬರ, ಗುಳೆ, ಹಿಂದುಳಿದಿರುವಿಕೆ ಇವನ್ನೇ ಬರೆದರು. ತಪ್ಪೇನಿಲ್ಲ, ಬರೆಯಬೇಕಾದದ್ದೇ. ಆದರೆ ಇದೇ ನೆಲದಲ್ಲಿ ಬೀಚಿ ಹುಟ್ಟಿದರು, ಕುಂ. ವೀರಭದ್ರಪ್ಪ ಹುಟ್ಟಿದರು, ಹರಪನಹಳ್ಳಿ ಭೀಮವ್ವ ನೂರಾರು ಹಾಡು ಕಟ್ಟಿದರು, ಎಂ.ಪಿ. ಪ್ರಕಾಶ್ ಹಡಗಲಿಯಲ್ಲಿ ರಂಗಭಾರತಿ ಕಟ್ಟಿ ನಾಟಕ ಆಡಿಸಿದರು. ಬರಹ ಇಷ್ಟು ಹುಲುಸಾಗಿ ಬೆಳೆದ ಕಡೆ ಓದು ಎಲ್ಲಿಂದ ಬಂತು, ಯಾರು ಯಾರಿಗೆ ಕೊಟ್ಟರು, ಈಗ ಅದು ಎಲ್ಲಿ ತಡೆದು ನಿಂತಿದೆ ಎಂಬುದನ್ನು ಯಾರಾದರೂ ಕೂತು ಕೇಳಬೇಕಿತ್ತು. ಈ ಲೇಖನ ಆ ಪ್ರಯತ್ನ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಐದು ತಾಲ್ಲೂಕುಗಳಲ್ಲಿ ಇವತ್ತು ಪುಸ್ತಕಕ್ಕೆ ಇರುವುದಕ್ಕಿಂತ ದೊಡ್ಡ ಬರ ಜತೆಯಲ್ಲಿ ಕೂತು ಓದುವವರಿಗೆ ಇದೆ.

ನಮ್ಮ ಕಡೆ ಓದು ಮೊದಲಿನಿಂದಲೂ ಒಬ್ಬರೇ ಮೂಲೆಯಲ್ಲಿ ಕೂತು ಮಾಡುವ ಕೆಲಸವಾಗಿರಲಿಲ್ಲ. ಶ್ರಾವಣ ಬಂತೆಂದರೆ ಮಠದಲ್ಲೋ ಗುಡಿಯಲ್ಲೋ ಪುರಾಣ ಹಚ್ಚುತ್ತಾರೆ. ಹಳೆಯ ಪದ್ಧತಿಯಲ್ಲಿ ಅದಕ್ಕೆ ಇಬ್ಬರು ಬೇಕು. ಒಬ್ಬರು ಪದ್ಯವನ್ನು ರಾಗವಾಗಿ ಓದುವವರು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುವವರು. ಕುಮಾರವ್ಯಾಸನ ಭಾರತವಿರಲಿ, ಬಸವಪುರಾಣವಿರಲಿ, ಚಾಮರಸನ ಪ್ರಭುಲಿಂಗಲೀಲೆಯಿರಲಿ, ಓದುವವರು ಒಂದು ಪದ್ಯ ಮುಗಿಸಿ ನಿಲ್ಲಿಸುತ್ತಾರೆ. ಅರ್ಥ ಹೇಳುವವರು ಅದನ್ನು ಊರಿನ ಮಾತಿಗೆ ಇಳಿಸುತ್ತಾರೆ. ದುರ್ಯೋಧನನ ಹಟಕ್ಕೆ ಬದುವಿನ ಜಗಳದ ಉದಾಹರಣೆ ಬರುತ್ತದೆ, ಅಲ್ಲಮನ ವೈರಾಗ್ಯಕ್ಕೆ ಊರು ಬಿಟ್ಟು ಹೋದ ಯಾವುದೋ ಅಜ್ಜನ ಕತೆ ಬರುತ್ತದೆ. ಮುಂದೆ ಕೂತ ಹೆಣ್ಣುಮಕ್ಕಳ ಮಡಿಲಲ್ಲಿ ಹುಡುಗರು ಅರ್ಧ ನಿದ್ದೆಯಲ್ಲಿ ಕೇಳುತ್ತಿರುತ್ತಾರೆ. ಅಕ್ಷರ ಬಾರದ ರೈತ ಮರುದಿನ ಹೊಲದಲ್ಲಿ ಆ ಪದ್ಯದ ಒಂದು ಸಾಲನ್ನು ಗುನುಗುತ್ತಾನೆ. ಅವನನ್ನು ಓದುಗನಲ್ಲ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಬಯಲಾಟದ್ದೂ ಇದೇ ಕತೆ. ಬಳ್ಳಾರಿ ಸೀಮೆಯ ದೊಡ್ಡಾಟಕ್ಕೆ ಊರೂರಲ್ಲಿ ಆಟದ ಪ್ರತಿಗಳು ಇದ್ದವು. ದಪ್ಪ ವಹಿಯಲ್ಲಿ ಕೈಯಿಂದ ಬರೆದವು. ಒಬ್ಬರ ಪ್ರತಿಯನ್ನು ಇನ್ನೊಂದು ಊರಿನವರು ಕೇಳಿ ತಂದು, ರಾತ್ರಿಯೆಲ್ಲ ಕೂತು ಇಳಿಸಿಕೊಂಡು ಹಿಂದಿರುಗಿಸುತ್ತಿದ್ದರು. ಆಟ ಕಲಿಸುವ ಮೇಷ್ಟ್ರು ಮಾತು ಹೇಳಿಕೊಟ್ಟರೆ ಓದು ಬಾರದ ಪಾತ್ರಧಾರಿ ಪುಟಗಟ್ಟಲೆ ಮಾತನ್ನು ನಾಲಿಗೆ ತುದಿಯಲ್ಲಿ ಇಟ್ಟುಕೊಳ್ಳುತ್ತಿದ್ದ. ಎಷ್ಟೋ ಜನ ಅಕ್ಷರ ಕಲಿತದ್ದೇ ತಮ್ಮ ಪಾತ್ರದ ಮಾತನ್ನು ತಾವೇ ಓದಿಕೊಳ್ಳಬೇಕೆಂಬ ಆಸೆಗೆ. ಕತೆಯ ಮೇಲಿನ ಪ್ರೀತಿ ಮುಂಚೆ ಬಂತು, ಅಕ್ಷರ ಅದರ ಹಿಂದೆ ಬಂತು. ಇಂದಿನ ಶಾಲೆಯಲ್ಲಿ ನಾವು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದೇವೆ.

ಮನೆಯೊಳಗಿನ ಓದನ್ನು ಉಳಿಸಿದವರು ಹೆಂಗಸರು. ಹರಪನಹಳ್ಳಿ ಭೀಮವ್ವ ಹತ್ತೊಂಬತ್ತನೇ ಶತಮಾನದವರು, ತೀರಿಕೊಂಡದ್ದು 1903ರಲ್ಲಿ. ಭೀಮೇಶಕೃಷ್ಣ ಎಂಬ ಅಂಕಿತದ ಅವರ ಹಾಡುಗಳು ಅಚ್ಚಿನ ಮನೆ ಕಾಣುವ ಮೊದಲು ಬಾಯಿಂದ ಬಾಯಿಗೆ ಹೋದವು. ಅಕ್ಷರ ಬಲ್ಲ ಹೆಣ್ಣುಮಕ್ಕಳು ಅವನ್ನು ಹಾಡಿನ ಪುಸ್ತಕದಲ್ಲಿ ಬರೆದಿಟ್ಟುಕೊಂಡರು. ಅಂಥ ಪುಸ್ತಕ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಹೋಗುತ್ತಿತ್ತು. ಅರಿಸಿನದ ಕಲೆ, ಎಣ್ಣೆಯ ಬೆರಳಚ್ಚು, ಅಂಚಿನಲ್ಲಿ ಬೇರೆ ಬೇರೆ ಕೈಬರಹ. ಈ ನಾಡಿನ ಮೊದಲ ಮನೆ-ಗ್ರಂಥಾಲಯಗಳು ಇವೇ. ಇದರ ಮಹತ್ವವನ್ನು ಸಾಹಿತ್ಯ ಚರಿತ್ರೆಯವರು ಹಾಡಿನ ಮಟ್ಟಿಗೆ ಗುರುತಿಸಿದರು, ಓದಿನ ಮಟ್ಟಿಗೆ ಗುರುತಿಸಲಿಲ್ಲ.

ಅಚ್ಚಿನ ಪುಸ್ತಕ ಹಳ್ಳಿಗೆ ಬಂದದ್ದು ಹೆಚ್ಚಾಗಿ ಜಾತ್ರೆಯ ದಾರಿಯಲ್ಲಿ. ಕೊಟ್ಟೂರು ಗುರುಬಸವೇಶ್ವರನ ತೇರು, ಮೈಲಾರದ ಕಾರಣಿಕ, ಉಜ್ಜಿನಿಯ ಜಾತ್ರೆ, ಕುರುವತ್ತಿ ಬಸವೇಶ್ವರ, ಎಲ್ಲ ಕಡೆ ಬೆಂಡು ಬತ್ತಾಸದ ಅಂಗಡಿ ಪಕ್ಕ ನೆಲದ ಮೇಲೆ ಪುಸ್ತಕ ಹರಡಿಕೊಂಡು ಒಬ್ಬ ಕೂತಿರುತ್ತಿದ್ದ. ಪಂಚಾಂಗ, ಭಜನೆ ಪದ, ಸೋಬಾನೆ ಪದ, ತತ್ವಪದ, ಗದಗಿನ ಶಾಬಾದಿಮಠದವರು ಅಚ್ಚು ಹಾಕಿದ ಪುರಾಣ ಮತ್ತು ನಾಟಕದ ಪುಸ್ತಕ. ತೇರಿಗೆ ಉತ್ತತ್ತಿ ಎಸೆದು ಬರುವಾಗ ಅಪ್ಪ ಒಂದು ಪುಸ್ತಕ ಕೊಂಡರೆ ವರ್ಷವಿಡೀ ಅದೇ ಪುಸ್ತಕ ಓಣಿಯಲ್ಲಿ ಸುತ್ತುತ್ತಿತ್ತು. ವಿಮರ್ಶಕರ ಪಟ್ಟಿಯಲ್ಲಿ ಈ ಪುಸ್ತಕಗಳು ಇಲ್ಲ. ಆದರೆ ಓದುವ ಅಭ್ಯಾಸ ಬೆಳೆಸಿದ್ದು ಇವೇ.

ಈ ಐದೂ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಆಡಳಿತದಲ್ಲಿದ್ದವು. ಕಚೇರಿಯ ಭಾಷೆ ಇಂಗ್ಲಿಷು, ಬಳ್ಳಾರಿ ಪೇಟೆಯಲ್ಲಿ ತೆಲುಗಿನ ಜೋರು. ಓದಿದವನು ಕನ್ನಡ ಪುಸ್ತಕ ಹಿಡಿಯುವುದು ಗೌರವದ ಮಾತಾಗಿರಲಿಲ್ಲ. ಈ ಹಿನ್ನೆಲೆ ಇಲ್ಲದೆ ಬೀಚಿಯವರ ಕತೆ ಅರ್ಥವಾಗುವುದಿಲ್ಲ. ರಾಯಸಂ ಭೀಮಸೇನರಾಯರು 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದವರು. ಪೊಲೀಸ್ ಇಲಾಖೆಯಲ್ಲಿ ನೌಕರಿ. ಕನ್ನಡದಲ್ಲಿ ಓದುವಂಥದ್ದು ಏನಿದೆ ಎಂಬ ಅಸಡ್ಡೆ ಅವರಿಗೂ ಇತ್ತು. ಅ.ನ. ಕೃಷ್ಣರಾಯರ ‘ಸಂಧ್ಯಾರಾಗ’ ಕೈಗೆ ಬಿತ್ತು. ಓದಿ ಮುಗಿಸುವ ಹೊತ್ತಿಗೆ ಮನುಷ್ಯ ಬದಲಾಗಿದ್ದರು. ಅಲ್ಲಿಂದ ಮುಂದೆ ಕನ್ನಡವೇ ಅವರ ಓದು, ಕನ್ನಡವೇ ಬರಹ, ಅನಕೃ ಅವರೇ ಗುರು. ‘ಬೀಚಿ’ ಎಂಬ ಹೆಸರಲ್ಲಿ ಅವರು ಕಟ್ಟಿದ ಪಾತ್ರ ತಿಂಮ ಆಮೇಲೆ ಸಾವಿರಾರು ಮನೆಗಳಲ್ಲಿ ಗಟ್ಟಿಯಾಗಿ ಓದಿಸಿಕೊಂಡ. ಒಬ್ಬರು ಓದಿದರೆ ಮನೆಮಂದಿಯೆಲ್ಲ ನಗುತ್ತಿದ್ದರು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಬೀಚಿಯವರನ್ನು ಕನ್ನಡಕ್ಕೆ ತಂದದ್ದು ಭಾಷಣವಲ್ಲ, ಸರಕಾರಿ ಆದೇಶವಲ್ಲ, ಒಂದು ಕಾದಂಬರಿ. ಒಬ್ಬ ಲೇಖಕ ತನಗೆ ತಿಳಿಯದೆಯೇ ಇನ್ನೊಬ್ಬ ಲೇಖಕನನ್ನು ಹುಟ್ಟಿಸಿದ. ಬರಹಗಾರರ ನಡುವೆ ಓದು ಹಂಚಿಕೊಳ್ಳುವುದೆಂದರೆ ವೇದಿಕೆಯ ಮೇಲೆ ಶಾಲು ಹೊದಿಸಿಕೊಳ್ಳುವುದೆಂದು ನಂಬಿರುವವರು ಈ ಪ್ರಸಂಗವನ್ನು ಮತ್ತೊಮ್ಮೆ ನೆನೆಯಬೇಕು.

ಸಾಹಿತ್ಯ ಸಮ್ಮೇಳನಗಳ ಪ್ರಯೋಜನವನ್ನು ನಾನು ಅಲ್ಲಗಳೆಯುತ್ತಿಲ್ಲ. 1947ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ, ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹರಪನಹಳ್ಳಿಯಲ್ಲಿ ನಡೆಯಿತು. ಸಿ.ಕೆ. ವೆಂಕಟರಾಮಯ್ಯನವರು ಅಧ್ಯಕ್ಷರು. ಮದ್ರಾಸ್ ಪ್ರಾಂತದ ಮೂಲೆಯ ಒಂದು ತಾಲ್ಲೂಕು ಊರು ಇಡೀ ಕನ್ನಡ ಲೋಕವನ್ನು ಮನೆಗೆ ಕರೆದು ಕೂರಿಸಿಕೊಂಡಿತು ಎಂದರೆ ಆ ಊರಿನಲ್ಲಿ ಎಂಥ ಓದುಬಳಗ ಇದ್ದಿರಬೇಕು ಎಂದು ಇವತ್ತಿನವರು ಯೋಚಿಸಬೇಕು. ಏಕೀಕರಣದ ಹಂಬಲ, ಕನ್ನಡ ಪುಸ್ತಕದ ಪ್ರೀತಿ ಎರಡೂ ಅಲ್ಲಿ ಒಂದೇ ಆಗಿದ್ದವು.

ಇನ್ನು ಕೊಟ್ಟೂರು. ಕುಂ. ವೀರಭದ್ರಪ್ಪನವರು ಇಲ್ಲಿ 1953ರ ಅಕ್ಟೋಬರ್ 1ರಂದು, ಬಳ್ಳಾರಿ ಕನ್ನಡ ನಾಡಿಗೆ ಸೇರಿದ ದಿನವೇ ಹುಟ್ಟಿದವರು. ಬದುಕಿನ ಬಹುಭಾಗ ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರಾಗಿ ದುಡಿದರು. ‘ಅರಮನೆ’ ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರಲ್ಲಿ ಅದನ್ನು ಅವರು ಹಿಂದಿರುಗಿಸಿದರು. ಅವರ ಕತೆಯನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ್ 1994ರಲ್ಲಿ ಮಾಡಿದ ಸಿನಿಮಾ ‘ಕೊಟ್ರೇಶಿ ಕನಸು’ ಒಬ್ಬ ದಲಿತ ಹುಡುಗನ ಓದಿನ ಆಸೆಯ ಕತೆ. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಕೊಟ್ರೇಶಿಯ ಪಾತ್ರ ಮಾಡಿದ ಹುಡುಗನಿಗೂ ಬಂತು. ಈ ಸೀಮೆಯಲ್ಲಿ ಓದಿನ ಪ್ರಶ್ನೆ ಯಾವತ್ತೂ ಬರೀ ಹವ್ಯಾಸದ ಪ್ರಶ್ನೆಯಾಗಿರಲಿಲ್ಲ ಎಂಬುದನ್ನು ಆ ಕತೆ ಹೇಳುವಷ್ಟು ಬಲವಾಗಿ ಯಾವ ವರದಿಯೂ ಹೇಳಲಾರದು. ಯಾರು ಓದಬಹುದು, ಯಾರು ಓದಬಾರದು ಎಂದು ಊರೇ ತೀರ್ಮಾನಿಸುತ್ತಿದ್ದ ಕಾಲ ತೀರಾ ಹಿಂದಿನದೇನಲ್ಲ. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ ಮೇಲೂ ಆ ತಾಯಂದಿರ ಮಕ್ಕಳು ಶಾಲೆಯ ಅರ್ಜಿಯಲ್ಲಿ ಅಪ್ಪನ ಹೆಸರಿನ ಸಾಲಿನ ಎದುರು ತಡವರಿಸಿದ್ದನ್ನು ಈ ತಾಲ್ಲೂಕುಗಳ ಮೇಷ್ಟ್ರುಗಳು ಬಲ್ಲರು.

ಕುಂವೀ ಅವರಿಂದ ಈ ಕಡೆಯ ಹುಡುಗರಿಗೆ ಆದ ದೊಡ್ಡ ಉಪಕಾರ ಬೇರೆಯೇ ಇದೆ. ಅವರ ಪುಸ್ತಕ ತೆರೆದ ಕೂಡ್ಲಿಗಿಯ ಹುಡುಗನಿಗೆ ತನ್ನ ಅವ್ವ ಬೈಯುವ ಮಾತು, ತನ್ನ ಓಣಿಯ ಹೆಸರು ಅಚ್ಚಿನಲ್ಲಿ ಕಾಣುತ್ತದೆ. ಶಾಲೆಯ ಪುಸ್ತಕದ ಕನ್ನಡ ಅವನಿಗೆ ಹೊರಗಿನದು. ‘ಸಾಲಿಗೆ ಹೋಗಿದ್ದೆ’ ಎನ್ನುವ ಹುಡುಗನಿಗೆ ‘ಶಾಲೆಗೆ ಹೋಗಿದ್ದೆನು’ ಎಂದು ತಿದ್ದುವಾಗ ಅವನ ಉತ್ಸಾಹವನ್ನೂ ತಿದ್ದಿ ಹಾಕಿರುತ್ತೇವೆ. ತನ್ನ ಮಾತು ಪುಸ್ತಕಕ್ಕೆ ಯೋಗ್ಯವಾದದ್ದು ಎಂದು ಗೊತ್ತಾದ ಹುಡುಗ ಪುಸ್ತಕಕ್ಕೆ ಹೆದರುವುದಿಲ್ಲ. ಈ ತಾಲ್ಲೂಕುಗಳಲ್ಲಿ ಕತೆ ಬರೆಯುವ ಹೊಸಬರು ಸಾಲುಗಟ್ಟಿ ಬಂದದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ನಂಬಿಕೆ.

ಈಗ ಗ್ರಂಥಾಲಯದ ಮಾತು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1948ರ ಮದ್ರಾಸ್ ಕಾಯ್ದೆ. ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ ಅವರ ಶ್ರಮದ ಫಲ. ಆಗ ಬಳ್ಳಾರಿ ಮದ್ರಾಸಿನ ಭಾಗ. ಅಂದರೆ ಕಾಗದದ ಮೇಲೆ ನಮ್ಮ ಈ ಹಿಂದುಳಿದ ತಾಲ್ಲೂಕುಗಳು ಮೈಸೂರಿಗಿಂತ ಮೊದಲೇ ಗ್ರಂಥಾಲಯದ ಹಕ್ಕು ಪಡೆದಿದ್ದವು. ಕರ್ನಾಟಕದ ಕಾಯ್ದೆ ಬಂದದ್ದು 1965ರಲ್ಲಿ. ಆಸ್ತಿ ತೆರಿಗೆಯ ಮೇಲೆ ಶೇ 6ರ ಗ್ರಂಥಾಲಯ ಸೆಸ್ ಇದೆ. ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ ಪುಸ್ತಕಕ್ಕೆ ದುಡ್ಡು ಕೊಡುತ್ತಿದ್ದಾರೆ, ಬಹಳ ಜನಕ್ಕೆ ಅದು ಗೊತ್ತಿಲ್ಲ. ಗೊತ್ತಿದ್ದರೆ ಕೇಳುತ್ತಿದ್ದರು. ವಸೂಲಾದ ಸೆಸ್ ಪೂರ್ತಿಯಾಗಿ ಗ್ರಂಥಾಲಯಕ್ಕೆ ಸಲ್ಲುತ್ತಿಲ್ಲವೆಂಬ ದೂರು ರಾಜ್ಯದ ಎಲ್ಲೆಡೆ ಹಳೆಯದು.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ, 2020ರ ಮಕ್ಕಳ ದಿನಾಚರಣೆಯಂದು ಈ ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ನನ್ನ ಲೆಕ್ಕದಲ್ಲಿ ಈಚಿನ ದಶಕಗಳಲ್ಲಿ ಹಳ್ಳಿಯ ಮಕ್ಕಳ ಓದಿಗಾಗಿ ನಡೆದ ಅತಿ ಒಳ್ಳೆಯ ಸರಕಾರಿ ಕೆಲಸ ಇದು. ಗೋಡೆಗೆ ಬಣ್ಣ ಬಳಿದು, ಗಿಡ್ಡ ಮೇಜು ಕುರ್ಚಿ ಹಾಕಿ, ಪುಸ್ತಕವನ್ನು ಬೀಗದ ಬೀರುವಿನಿಂದ ಹೊರಗೆ ತಂದು ಕೈಗೆಟಕುವಂತೆ ಇಟ್ಟ ಕಡೆಗಳಲ್ಲಿ ಮಕ್ಕಳು ಬಂದೇ ಬಂದಿದ್ದಾರೆ. ಒಬ್ಬ ಆಸಕ್ತ ಮೇಲ್ವಿಚಾರಕ ಇದ್ದರೆ ಸಾಕು, ಆ ಊರಿನ ಗ್ರಂಥಾಲಯದ ಕಳೆಯೇ ಬೇರೆ. ಆಸಕ್ತಿ ಇಲ್ಲದ ಕಡೆ ಅದೇ ಕೋಣೆ ದಿನಪತ್ರಿಕೆ ಓದುವ ನಾಲ್ಕು ಜನ ಗಂಡಸರ ಕಟ್ಟೆಯಾಗಿ ಉಳಿದಿದೆ. ಹೆಣ್ಣುಮಕ್ಕಳು ಅದರ ಮುಂದೆ ಹಾದು ಹೋಗುತ್ತಾರೆ, ಒಳಗೆ ಬರುವುದಿಲ್ಲ.

ತಂದೆತಾಯಿಯ ಮಾತಿಗೆ ಬರೋಣ. ಮಲಗುವಾಗ ಮಕ್ಕಳಿಗೆ ಪುಸ್ತಕ ಓದಿ ಹೇಳಿ ಎಂಬ ಸಲಹೆ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಬೆಂಗಳೂರಿನ ಫ್ಲಾಟಿಗೆ ಅದು ಸರಿ. 2011ರ ಜನಗಣತಿಯಲ್ಲಿ ಆಗಿನ ಬಳ್ಳಾರಿ ಜಿಲ್ಲೆಯ ಸಾಕ್ಷರತೆ ಶೇ 67.43, ರಾಜ್ಯದ್ದು ಶೇ 75.36. ಹೆಂಗಸರದ್ದು ಇನ್ನೂ ಕಡಿಮೆ. ಓದು ಬಾರದ ತಾಯಿಗೆ ‘ನೀನು ಓದಿ ಹೇಳು’ ಎಂದರೆ ಆಕೆಗೆ ಉಳಿಯುವುದು ನಾಚಿಕೆ ಮಾತ್ರ. ಸುಗ್ಗಿ ಮುಗಿದ ಮೇಲೆ ಎಷ್ಟೋ ತಾಂಡಾ ಮತ್ತು ಕೇರಿಗಳಲ್ಲಿ ಅಪ್ಪ ಅವ್ವ ಇಬ್ಬರೂ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಹೊರಟಿರುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ ಇರುತ್ತಾರೆ, ಇಲ್ಲವೇ ಗಂಟುಮೂಟೆಯೊಂದಿಗೆ ತಾವೂ ಹೋಗುತ್ತಾರೆ. ಇವರಿಗೆ ಫ್ಲಾಟಿನ ಸಲಹೆ ಆಗಿಬರುವುದಿಲ್ಲ.

ಆದರೆ ದಾರಿ ಇದೆ, ನಮ್ಮ ಪುರಾಣದ ಪದ್ಧತಿಯಲ್ಲೇ ಇದೆ. ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು. ಮಗು ಓದಲಿ, ಅಜ್ಜಿ ಅರ್ಥ ಹೇಳಲಿ. ಮೂರನೇ ಇಯತ್ತೆಯ ಹುಡುಗಿ ಗ್ರಂಥಾಲಯದಿಂದ ತಂದ ನರಿಯ ಕತೆಯನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿರುತ್ತಾಳೆ. ಅಜ್ಜಿ ಮೊರದಲ್ಲಿ ಜೋಳ ಹಸನು ಮಾಡುತ್ತಿರುತ್ತಾಳೆ. ಎರಡು ಪುಟ ಆಗುವಷ್ಟರಲ್ಲಿ ಮೊರ ನಿಲ್ಲುತ್ತದೆ. ‘ತಡಿಯವ್ವಾ, ನರಿ ಹಂಗಲ್ಲ ಮಾಡಿದ್ದು. ನಮ್ಮವ್ವ ಹೇಳ್ತಿದ್ದ ಕತಿಯೊಳಗ ಬ್ಯಾರೆ ಐತಿ’ ಎಂದು ಅಜ್ಜಿ ತನ್ನ ಪಾಠಾಂತರ ತೆಗೆಯುತ್ತಾಳೆ. ಹುಡುಗಿ ಪುಸ್ತಕದ ಪರ ವಾದ ಮಾಡುತ್ತಾಳೆ. ವಾದಕ್ಕೆ ಆಧಾರ ಬೇಕಾಗಿ ಮತ್ತೆ ಆ ಪುಟ ತಿರುವಿ ಗಟ್ಟಿಯಾಗಿ ಓದುತ್ತಾಳೆ. ಎರಡನೇ ಸಲ ಓದುವಾಗ ತಡವರಿಕೆ ಅರ್ಧ ಕಡಿಮೆ. ಇಂಥ ಸಂಜೆ ನಡೆದ ಮನೆಯಲ್ಲಿ ಅಜ್ಜಿಗೆ ನಾಚಿಕೆ ಇಲ್ಲ, ಮಗುವಿಗೆ ಬೇಸರ ಇಲ್ಲ. ಇಬ್ಬರೂ ಗುರುಗಳೇ.

ಇದು ಭಾವುಕತೆಯ ಮಾತೆಂದು ತಳ್ಳಿಹಾಕುವಂತಿಲ್ಲ. 2022ರ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 42.8 ಮಾತ್ರ. ಅಕ್ಷರ ಕಲಿತ ಮಗುವಿಗೆ ಓದು ಸಲೀಸಾಗಬೇಕಾದರೆ ಅದು ದಿನವೂ ಗಟ್ಟಿಯಾಗಿ ಓದಬೇಕು, ಕೇಳುವವರು ಯಾರಾದರೂ ಇರಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರ ಓದನ್ನು ದಿನವೂ ಕೇಳಲು ಮೇಷ್ಟ್ರಿಗೆ ಆಗುವುದಿಲ್ಲ. ಅಜ್ಜಿಗೆ ಆಗುತ್ತದೆ.

ಲಂಬಾಣಿ ತಾಂಡಾದ ಮಕ್ಕಳ ವಿಷಯ ಪ್ರತ್ಯೇಕವಾಗಿಯೇ ನೋಡಬೇಕು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳಲ್ಲಿ ತಾಂಡಾಗಳು ಬಹಳ. ಮನೆಯಲ್ಲಿ ಗೋರ್ ಬೋಲಿ, ಸಾಲಿಯಲ್ಲಿ ಕನ್ನಡ. ಪೇಟೆಯ ಮುಸ್ಲಿಂ ಮನೆಗಳಲ್ಲಿ ಉರ್ದು, ಕೆಲವು ಹಳ್ಳಿಗಳಲ್ಲಿ ತೆಲುಗು. ಇಂಥ ಮಗು ಕನ್ನಡ ಕತೆ ಓದಿ ಅದನ್ನು ಅವ್ವನಿಗೆ ಮನೆಯ ಮಾತಿನಲ್ಲಿ ಹೇಳಿದರೆ ಎರಡೂ ಭಾಷೆ ಬೆಳೆಯುತ್ತವೆ. ‘ಮನೆಯಲ್ಲೂ ಕನ್ನಡವನ್ನೇ ಮಾತಾಡಿಸಿ’ ಎಂದು ತಾಂಡಾದ ತಾಯಿಗೆ ಬುದ್ಧಿ ಹೇಳುವ ಶಿಕ್ಷಕರನ್ನು ಕಂಡಿದ್ದೇನೆ. ಅವರ ಕಾಳಜಿ ನಿಜವಾದದ್ದು, ಸಲಹೆ ತಪ್ಪು. ತಾಯಿಯ ಬಾಯಿ ಕಟ್ಟಿದ ಮೇಲೆ ಮಗುವಿಗೆ ಕತೆ ಹೇಳುವವರು ಯಾರು?

ಮೊಬೈಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಪ್ಪ ರೀಲ್ಸ್ ನೋಡುತ್ತ ಮಗನಿಗೆ ಓದು ಎಂದರೆ ಮಗ ಓದುವುದಿಲ್ಲ, ಅಷ್ಟೇ. ಅದೇ ಮೊಬೈಲಿನಲ್ಲಿ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಿಂದ ಕನ್ನಡದ ಮಕ್ಕಳ ಕತೆಗಳನ್ನು ಬಿಟ್ಟಿಯಾಗಿ ಓದಬಹುದೆಂದು ನಮ್ಮ ಶಾಲೆಗಳು ಪಾಲಕರ ಸಭೆಯಲ್ಲಿ ಹೇಳಿದರೆ ಒಳ್ಳೆಯದು.

ಹೊರಗಿನ ಎರಡು ಉದಾಹರಣೆ ನೆನಪಿಸಿಕೊಳ್ಳಬೇಕು. ಕೇರಳದಲ್ಲಿ ಪಿ.ಎನ್. ಪಣಿಕ್ಕರ್ ಎಂಬ ಶಾಲಾ ಶಿಕ್ಷಕರು 1945ರಲ್ಲಿ ಊರೂರಿನ ವಾಚನಾಲಯಗಳನ್ನು ಒಂದು ಸಂಘಕ್ಕೆ ತಂದರು. ಅವರು ತೀರಿಕೊಂಡ ಜೂನ್ 19ನ್ನು ಅಲ್ಲಿ ಓದುವ ದಿನವಾಗಿ ಆಚರಿಸುತ್ತಾರೆ. ಅಲ್ಲಿನ ವಾಚನಾಲಯ ಊರಿನವರದು, ಸರಕಾರ ಸಹಾಯ ಮಾಡುತ್ತದೆ. ಮಹಾರಾಷ್ಟ್ರದ ಭಿಲಾರ್ ಎಂಬ ಸ್ಟ್ರಾಬೆರಿ ಬೆಳೆಯುವ ಹಳ್ಳಿಯನ್ನು 2017ರಲ್ಲಿ ಪುಸ್ತಕಗಳ ಊರು ಮಾಡಿದರು. ಮನೆ, ಗುಡಿ, ಶಾಲೆಗಳಲ್ಲಿ ಪುಸ್ತಕ ಇಟ್ಟು ಬಂದವರಿಗೆಲ್ಲ ಓದಲು ಬಿಟ್ಟರು. ಮಲ್ಲಿಗೆ ಬೆಳೆಯುವ ಹಡಗಲಿಯ ಒಂದು ಹಳ್ಳಿಗೆ, ಗಾಂಧೀಜಿಯ ಚಿತಾಭಸ್ಮದ ಸ್ಮಾರಕ ಇರುವ ಕೂಡ್ಲಿಗಿಗೆ, ಬೀಚಿಯವರ ಹರಪನಹಳ್ಳಿಗೆ ಇದು ಆಗದ ಕೆಲಸವೇ? ಬೀಚಿಯವರ ಹುಟ್ಟೂರಿನಲ್ಲಿ ಒಂದು ಓದುಮನೆ ಅವರಿಗೆ ಯಾವ ಪ್ರತಿಮೆಗಿಂತಲೂ ತಕ್ಕದ್ದು.

ಕೊನೆಗೆ ನಮ್ಮ ಬರಹಗಾರರ ವಿಷಯ. ಐದೂ ತಾಲ್ಲೂಕುಗಳಲ್ಲಿ ಇವತ್ತು ಬರೆಯುವವರಿಗೆ ಕೊರತೆ ಇಲ್ಲ. ಹೆಚ್ಚಿನವರು ಶಿಕ್ಷಕರು, ಉಪನ್ಯಾಸಕರು. ಪುಸ್ತಕ ಬಿಡುಗಡೆಗಳು ನಡೆಯುತ್ತವೆ, ಕವಿಗೋಷ್ಠಿಗಳಲ್ಲಿ ಮೂವತ್ತು ಕವಿಗಳು ಓದುತ್ತಾರೆ. ತಮ್ಮ ಸರದಿ ಮುಗಿದ ಕೂಡಲೇ ಹಲವರು ಎದ್ದು ಹೋಗುತ್ತಾರೆ. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ದುಡ್ಡು ಕೊಟ್ಟು ಕೊಂಡು, ಓದಿ, ಚೆನ್ನಾಗಿದ್ದರೆ ಚೆನ್ನಾಗಿದೆ, ಇಲ್ಲದಿದ್ದರೆ ಇಲ್ಲ ಎಂದು ಎದುರಿಗೇ ಹೇಳುವ ಬಳಗ ತೀರಾ ಚಿಕ್ಕದು. ಇದು ನನಗೆ ನೋವಿನ ವಿಷಯ. ಹೊಸಪೇಟೆಯ ಪಕ್ಕದಲ್ಲಿ 1991ರಿಂದ ಕನ್ನಡ ವಿಶ್ವವಿದ್ಯಾಲಯ ಇದೆ, ಅದರ ಪ್ರಸಾರಾಂಗದ ಪುಸ್ತಕಗಳಿವೆ. ತಿಂಗಳಿಗೊಮ್ಮೆ ಹತ್ತು ಜನ ಸೇರಿ ಒಂದೇ ಒಂದು ಪುಸ್ತಕ ಓದಿಕೊಂಡು ಬಂದು ಮಾತಾಡಲು ಅನುದಾನ ಬೇಕಿಲ್ಲ, ಫ್ಲೆಕ್ಸ್ ಬೇಕಿಲ್ಲ, ಮುಖ್ಯ ಅತಿಥಿ ಬೇಕಿಲ್ಲ.

ನನ್ನ ವಿನಂತಿ ಮೂರು ಕಡೆಗೆ. ಪಂಚಾಯಿತಿಯವರು ಗ್ರಂಥಾಲಯವನ್ನು ಸಾಲಿ ಬಿಟ್ಟ ಮೇಲಿನ ಸಂಜೆಯ ಹೊತ್ತಿನಲ್ಲಿ ತೆರೆದಿಡಲಿ, ವಾರದಲ್ಲಿ ಒಂದು ಸಂಜೆ ಹೆಣ್ಣುಮಕ್ಕಳಿಗೆಂದೇ ಇರಲಿ. ಬರಹಗಾರರು ಮುಂದಿನ ಪುಸ್ತಕದ ಬಿಡುಗಡೆಯನ್ನು ತಾಂಡಾದ ಸಾಲಿಯ ಅಂಗಳದಲ್ಲಿ ಮಾಡಲಿ, ಬಿಡುಗಡೆಯ ಭಾಷಣ ಬಿಟ್ಟು ಒಂದು ಕತೆಯನ್ನು ಪೂರ್ತಿ ಓದಲಿ. ಇದನ್ನು ಓದುತ್ತಿರುವ ತಂದೆತಾಯಿಗಳು ನಾಳೆಯೇ ಮಕ್ಕಳನ್ನು ಕರೆದುಕೊಂಡು ನಿಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. ಸದಸ್ಯತ್ವಕ್ಕೆ ದುಡ್ಡು ಕೇಳುವುದಿಲ್ಲ. ಮಗುವಿನ ಹೆಸರು ಬರೆಸಿ, ಒಂದು ಪುಸ್ತಕ ಮನೆಗೆ ತನ್ನಿ, ಊಟವಾದ ಮೇಲೆ ಹತ್ತು ನಿಮಿಷ ಅದು ಓದುವುದನ್ನು ಪಕ್ಕದಲ್ಲಿ ಕೂತು ಕೇಳಿ.